ಸಾತವ್ವನ ಕೌದಿಯ ನೀಲಿ ಪಟ್ಟೆ

ಹೇಳಿ ನೋಡೋಣ. ಹುಬ್ಬಳ್ಳಿಯಲ್ಲಿ ಒಂದು ದೊಡ್ಡ ಸಭೆ. ಗೋಡೆಗೆ ಚಂದದ ಕೌದಿಯೊಂದನ್ನು ತೂಗುಹಾಕಿದ್ದಾರೆ. ದೊಡ್ಡ ಮನುಷ್ಯರು ಹೊಗಳುತ್ತಿದ್ದಾರೆ. ಅಷ್ಟರಲ್ಲಿ ಅದನ್ನು ಹೊಲಿದ ಹೆಣ್ಣುಮಗಳೇ ಎದ್ದು ನಿಂತು, “ಅದನ್ನ ಕೆಳಗ ಇಳಸ್ರಿ, ನಾ ಕೊಡಂಗಿಲ್ಲ” ಅಂದುಬಿಟ್ಟಳು. ಯಾಕಿರಬಹುದು? ಬೆಲೆ ಸಾಲಲಿಲ್ಲವೇ? ಅದಲ್ಲ. ಯಾರಾದರೂ ಅವಮಾನ ಮಾಡಿದರೇ? ಅದೂ ಅಲ್ಲ. ಬಿಡಿ, ಏಳು ಜನ್ಮಕ್ಕೂ ನಿಮಗೆ ಹೊಳೆಯುವುದಿಲ್ಲ. ನಾನೇ ಹೇಳುತ್ತೇನೆ.

ಗಜೇಂದ್ರಗಡದ ಸಾತವ್ವ ಹಳೆಯ ಬಟ್ಟೆ ಜೋಡಿಸಿ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಕಣ್ಣು ಮಾತ್ರ ವಿಚಿತ್ರ. ಓಣಿಯ ಆ ತುದಿಯಲ್ಲಿ ಬರುವವರು ಯಾರೆಂದು ಹೇಳಬಲ್ಲಳು, ಮೂಗಿನ ಕೆಳಗಿರುವುದೆಲ್ಲ ಮಂಜು ಮಂಜು. ಚಾಳೀಸು ಹಾಕಿಕೋ ಅಂದರೆ, “ನನ್ನ ಬೆರಳಿಗೇ ಕಣ್ಣದಾವ” ಅನ್ನುವಳು. ಸೂಜಿಗೆ ದಾರ ಪೋಣಿಸಿ ಕೊಡುವುದು ಗಂಡ ಫಕೀರಪ್ಪನ ಕೆಲಸ. ಪೋಣಿಸುವ ಮೊದಲು ಒಂದು ಜಗಳ, ಪೋಣಿಸಿದ ಮೇಲೆ ಇನ್ನೊಂದು. ಹೀಗೆ ಸಂಸಾರ ಸುಖವಾಗಿಯೇ ಇತ್ತು.

ಒಂದು ಮಧ್ಯಾಹ್ನ ಫಕೀರಪ್ಪ ಊಟ ಮಾಡಿ, “ಒಂದೀಟು ಅಡ್ಡಾಗ್ತೀನಿ” ಅಂತ ಮಲಗಿದವನು ಮತ್ತೆ ಏಳಲೇ ಇಲ್ಲ. ದಿನಕರ್ಮ ಮುಗಿಯುವ ಹೊತ್ತಿಗೆ, ಹೆರಿಗೆಗೆ ಬಂದಿದ್ದ ಮಗಳು ಶಾವಂತ್ರಿ ಹೆಣ್ಣು ಹಡೆದಳು. ಕೂಸಿಗೆ ಹೆಸರಿಡುವ ಮೊದಲೇ ಹುಬ್ಬಳ್ಳಿಯಿಂದ ಕರಕುಶಲ ಪ್ರದರ್ಶನ ನಡೆಸುವ ಇಂದುಮತಿ ಮೇಡಂ ಜೀಪಿನಲ್ಲಿ ಬಂದಿಳಿದರು. “ಪ್ರದರ್ಶನಕ್ಕೆ ನಿಮ್ಮದೊಂದು ಕೌದಿ ಬೇಕು ಸಾತವ್ವ. ಒಬ್ಬ ಹೋಟೆಲ್ ಮಾಲೀಕರು ಬರ್ತಾರೆ. ಮೆಚ್ಚಿದರೆ ಅವರ ಕೋಣೆ ಕೋಣೆಗೂ ನಿಮ್ಮದೇ ಕೌದಿ!”

ಸಾವಿನ ಮನೆ, ಬಾಣಂತಿ ಮನೆ, ಆರ್ಡರಿನ ಮನೆ, ಮೂರೂ ಒಂದೇ ಸೂರಿನಡಿ. ಅಳಲು ಬಂದವರ ಕೈಗೆ ಪೇಢೆ ಬೀಳುತ್ತಿತ್ತು. ಪೇಢೆ ತಿನ್ನಲು ಬಂದವರು ಗೋಡೆಯ ಮೇಲಿನ ಫೋಟೋ ನೋಡಿ ಅಳುತ್ತಿದ್ದರು. ಸಾತವ್ವ ಮಾತ್ರ ಒಂದು ಹನಿ ಕಣ್ಣೀರು ಹಾಕಲಿಲ್ಲ. ಯಾರಾದರೂ ಕೇಳಿದರೆ, “ಅಳಾಕ ಪುರುಸೊತ್ತೆಲ್ಲೈತವ್ವಾ?” ಅಂತ ಕೇಳಿದವರಿಂದಲೇ ದಾರ ಪೋಣಿಸಿಕೊಂಡು ಸೂಜಿ ಹಿಡಿಯುವಳು.

ಸತ್ತವರ ಬಟ್ಟೆ ಮನೆಯಲ್ಲಿರಬಾರದೆಂದು ಹಿರಿಯರು ಫಕೀರಪ್ಪನ ಧೋತರ, ಅಂಗಿ, ರುಮಾಲು ಎಲ್ಲವನ್ನೂ ಹಂಚಿಬಿಟ್ಟಿದ್ದರು. ಮೊಣಕಾಲುದ್ದದ ನೀಲಿ ಪಟ್ಟಾಪಟ್ಟಿ ಚಡ್ಡಿಯೊಂದನ್ನು ಮಾತ್ರ ಯಾರೂ ಕೇಳಲಿಲ್ಲ. ಯಾರು ಕೇಳುತ್ತಾರೆ ಹೇಳಿ! ಸಾತವ್ವ ಅದನ್ನು ಮೆಲ್ಲಗೆ ಮಡಿಸಿ ಚಿಂದಿಯ ಗಂಟಿನೊಳಗೆ ಇಟ್ಟಳು. ಆರ್ಡರಿನದು ಮುಗಿಯಲಿ, ಆಮೇಲೆ ತಾನು ಹೊದೆಯಲಿಕ್ಕೆ ಒಂದು ಕೌದಿ ಹೊಲಿಯಬೇಕು, ನಟ್ಟನಡುವೆ ಇದನ್ನು ಹಚ್ಚಬೇಕು, ಹಚ್ಚುತ್ತಾ ಹೊಟ್ಟೆ ತುಂಬ ಅಳಬೇಕು ಅಂತ ಅವಳ ಲೆಕ್ಕ.

ಹುಬ್ಬಳ್ಳಿಯ ಕೌದಿ ಮುಗಿಯಿತು. ಜೀಪು ಬಂದು ಒಯ್ದಿತು. ಸಾತವ್ವ ಗಂಟು ಬಿಚ್ಚಿ ನೋಡುತ್ತಾಳೆ, ಚಡ್ಡಿ ಇಲ್ಲ! ಅವನದು ಅಂತ ಉಳಿದಿದ್ದೇ ಅದೊಂದು. ಕೋಣೆಯೆಲ್ಲ ಜಾಲಾಡಿದಳು. ಎದುರುಮನೆಯ ನಾಯಿಯನ್ನು ಬೈದಳು. ಕೊನೆಗೆ ಕೂಸು ನೋಡಲು ಬಂದಿದ್ದ ಅಳಿಯ ಪರಸಪ್ಪನ ಮುಂದೆ ನಿಂತಳು.

“ಅಳಿಯಾರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮಾವನ ಚಡ್ಡಿ ನೀವೇನರ ಹಾಕ್ಕೊಂಡೀರೇನು?”

ಪರಸಪ್ಪ ಚಹಾದ ಬಸಿ ಕೆಳಗಿಟ್ಟ. “ಅತ್ತೀ, ನಾ ಕೂಸು ನೋಡಾಕ ಬಂದೀನಿ, ಚಡ್ಡಿ ಕದಿಯಾಕಲ್ಲ!”

“ಹಂಗಲ್ರೀ, ಮಾವನ ಮ್ಯಾಲಿನ ಪ್ರೀತಿಗೆ...”

“ಪ್ರೀತಿಗೆ ಫೋಟೋ ಸಾಕ್ರೀ!”

ಒಳಗಿದ್ದ ಬಾಣಂತಿ ಬಿದ್ದು ಬಿದ್ದು ನಕ್ಕಳು. ಕೂಸು ಎದ್ದು ಕಿರುಚಿತು. ಚಡ್ಡಿ ಸಿಗಲಿಲ್ಲ.

ಪ್ರದರ್ಶನದ ದಿನ ಸಾತವ್ವ ಸಭೆಯ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಪರದೆ ಸರಿಯಿತು. ದೂರದ್ದು ಅವಳಿಗೆ ನಿಚ್ಚಳವಾಗಿ ಕಾಣುತ್ತದಲ್ಲ, ತನ್ನ ಕೌದಿಯನ್ನು ಅವಳು ಸರಿಯಾಗಿ ಕಂಡದ್ದು ಆವಾಗಲೇ. ನಟ್ಟನಡುವೆ ನೀಲಿ ಪಟ್ಟೆ! ಹೊಲಿಯುವ ಗಡಿಬಿಡಿಯಲ್ಲಿ ಕೈ ಗಂಟಿಗೆ ಹೋಗಿದೆ, ಬೆರಳು ಮೆತ್ತನೆಯ ಹಳೆ ಬಟ್ಟೆ ಆರಿಸಿದೆ, ಕತ್ತರಿ ಅದನ್ನು ಬಿಚ್ಚಿದೆ, ಸೂಜಿ ಹಚ್ಚಿದೆ. ಮನಸ್ಸಿಗೆ ಮಾತ್ರ ಸುದ್ದಿಯೇ ಮುಟ್ಟಿಲ್ಲ.

ವೇದಿಕೆಯ ಮೇಲಿದ್ದ ಪಂಡಿತರು ಗಂಟಲು ಸರಿಮಾಡಿಕೊಂಡರು. “ನಡುವಿನ ಈ ನೀಲಿ ಪಟ್ಟೆಗಳನ್ನು ಗಮನಿಸಿ. ಇದು ತುಂಗಭದ್ರೆ. ಬಾಳಿನ ಪ್ರವಾಹ!” ಚಪ್ಪಾಳೆಯೋ ಚಪ್ಪಾಳೆ. ಹೋಟೆಲ್ ಮಾಲೀಕರು, “ಇದು ನನಗೇ ಇರಲಿ” ಅಂದರು.

ಸಾತವ್ವ ಪಕ್ಕದಲ್ಲಿದ್ದ ಮೇಡಂ ಕಿವಿಯಲ್ಲಿ ಸಂಗತಿ ಹೇಳಿದಳು. ಮೇಡಂ ಮುಖ ಬಿಳುಚಿತು. “ದಮ್ಮಯ್ಯ, ಸುಮ್ಮನಿರಿ! ಬಾಯಿ ಬಿಟ್ಟರೆ ಆರ್ಡರ್ ಹೋಯ್ತು, ನನ್ನ ಮಾನವೂ ಹೋಯ್ತು.”

ಸಾತವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಎದ್ದಳು.

“ಅದನ್ನ ಕೆಳಗ ಇಳಸ್ರಿ, ನಾ ಕೊಡಂಗಿಲ್ಲ. ಅದು ಹೊಳಿ ಅಲ್ರೀ ಸಾಹೇಬ್ರ. ನಮ್ಮ ಮನಿಯವರ ಚಡ್ಡಿ.”

ಸಭೆ ಹೋ ಎಂದು ನಕ್ಕಿತು. ಪಂಡಿತರು ಒಂದು ಹೆಜ್ಜೆ ಹಿಂದೆ ಸರಿದರು. ಸಾತವ್ವ ನೆಟ್ಟಗೆ ಹೋಗಿ, “ನಂಬಿಕಿ ಇಲ್ಲಂದ್ರ ಕಿಸೆ ನೋಡ್ರಿ” ಅಂತ ಪಟ್ಟೆಯ ಸಂದಿಗೆ ಕೈ ಹಾಕಿದಳು. ಕಿಸೆ ಇತ್ತು. ಕಿಸೆಯಲ್ಲಿ ಫಕೀರಪ್ಪ ತಿಂದು ಉಳಿಸಿದ್ದ ಒಂದು ತುಂಡು ಅಡಕೆಯೂ ಇತ್ತು.

ಆ ಅಡಕೆ ಅಂಗೈಗೆ ಬಂದದ್ದೇ ತಡ, ಒಂದು ತಿಂಗಳಿಂದ ತಡೆದಿಟ್ಟಿದ್ದ ಅಳು ಒಡೆಯಿತು. ಕೌದಿಗೆ ಮುಖ ಒತ್ತಿ ಅತ್ತಳು. ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಪಂಡಿತರೇ ಕುರ್ಚಿ ತಂದು ಕೂರಿಸಿ ನೀರು ಕೊಟ್ಟರು.

ಹೋಟೆಲ್ ಮಾಲೀಕರು ಮೆಲ್ಲಗೆ ಕೇಳಿದರು: “ಅವ್ವಾ, ಇಂಥದ್ದೇ ಇನ್ನೊಂದು ಮಾಡಿಕೊಡ್ತೀರೇನು?”

ಸಾತವ್ವ ಸೆರಗಿನಿಂದ ಮೂಗೊರೆಸಿಕೊಂಡಳು. “ಮಾಡಬಹುದ್ರಿ. ಅದಕ್ಕ ಇಂಥಾ ಗಂಡ ಇನ್ನೊಬ್ಬ ಬೇಕಲ್ರೀ!”

ಈ ಸಲ ಸಭೆಯ ಜೊತೆ ಅವಳೂ ನಕ್ಕಳು. ಆರ್ಡರ್ ಹೋಯಿತು. ಮೇಡಂ ಗದಗ ದಾಟುವವರೆಗೆ ಮಾತಾಡಲಿಲ್ಲ. ಸಾತವ್ವನಿಗೆ ಅದರ ಪರಿವೆಯೇ ಇಲ್ಲ. ಕೌದಿ ಹೊದ್ದು, ಜೀಪಿನ ಹಿಂದಿನ ಸೀಟಿನಲ್ಲಿ, ತಿಂಗಳಲ್ಲಿ ಮೊದಲ ಸಲ ಗೊರಕೆ ಹೊಡೆಯುತ್ತಾ ಮಲಗಿದ್ದಳು.

ನೀತಿ: ಅಳು ಬಂದಾಗ ಅತ್ತುಬಿಡಬೇಕು. ಕೆಲಸ ಮುಗಿಯಲಿ, ಆಮೇಲೆ ಅಳೋಣ ಅಂತ ಗಂಟು ಕಟ್ಟಿಟ್ಟ ದುಃಖ ನಮಗೆ ಗೊತ್ತಿಲ್ಲದೆಯೇ ನಮ್ಮ ಕೆಲಸದೊಳಗೆ ಸೇರಿ, ತುಂಬಿದ ಸಭೆಯಲ್ಲಿ ಎದುರು ನಿಲ್ಲುತ್ತದೆ. ಹಾಗೆ ನಿಂತಾಗ ನಾಚದೆ “ಇದು ನನ್ನದು” ಅಂದವರ ಎದೆ ಹಗುರಾಗುತ್ತದೆ. ಸಾತವ್ವ ಹಾಗೆ ಅಂದದ್ದು 2018ರ ಡಿಸೆಂಬರ್ 16, ರವಿವಾರ, ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ.