ಬಾಲ ಹಿಡಿದ ತಮ್ಮ

ಇದು ನಾನು ಕಣ್ಣಾರೆ ಕಂಡದ್ದು. ಕಂಡಿಲ್ಲ ಎಂದರೂ ಕಥೆಗೇನೂ ನಷ್ಟವಿಲ್ಲ. ಸುಂಡಿಲಿಗಳು ಬಿಲ ಬದಲಿಸುವಾಗ ತಾಯಿ ಮುಂದೆ ನಡೆಯುತ್ತಾಳೆ, ಮಕ್ಕಳು ಒಂದರ ಬಾಲವನ್ನು ಇನ್ನೊಂದು ಕಚ್ಚಿಕೊಂಡು ಸಾಲಾಗಿ ಹಿಂದೆ ಹೋಗುತ್ತವೆ. ಒಂದು ಮಂಜಿನ ಮುಂಜಾನೆ ಅಂಥ ತಾಯಿಯೊಬ್ಬಳು ಹೊರಡುವ ಮೊದಲು ಎಚ್ಚರಿಸಿದಳು: "ಯಾರೂ ಮಾತಾಡಕೂಡದು. ಬಾಯಿ ಬಿಟ್ಟರೆ ಬಾಲ ಬಿಟ್ಟ ಹಾಗೆ."

ಕಾಡೂ ಉಸಿರೆತ್ತಲಿಲ್ಲ. ಅರ್ಧ ದಾರಿಯಲ್ಲಿ, ಎಲ್ಲರಿಗಿಂತ ಹಿಂದಿದ್ದ ಚಿಟಿಕಿಯ ಬಾಲವನ್ನು ಯಾರೋ ಮೆಲ್ಲಗೆ ಕಚ್ಚಿಕೊಂಡರು. ಬಾಯಿ ತಣ್ಣಗಿತ್ತು. ತಾನೇ ಕೊನೆಯವಳೆಂದು ಅವಳಿಗೆ ಗೊತ್ತಿತ್ತು. ಕೂಗಿದರೆ ಅಕ್ಕನ ಬಾಲ ತಪ್ಪುತ್ತದೆ. ಸುಮ್ಮನಿದ್ದರೆ ಹಿಂದಿರುವುದು ಹೊಸ ಬಿಲದವರೆಗೂ ಬರುತ್ತದೆ.

ಚಿಟಿಕಿ ಅಕ್ಕನ ಬಾಲ ಬಿಟ್ಟು, "ಹಿಂದೆ ಯಾರಪ್ಪಾ?" ಎಂದು ಕೇಳಿದಳು.

"ನಾನೇ ಕಣಕ್ಕಾ, ನಿನ್ನ ತಮ್ಮ," ಎಂದಿತು ಕೇರೆಹಾವು.

ಉತ್ತರಿಸಲು ಅದು ಬಾಯಿ ತೆರೆಯಲೇಬೇಕಾಯಿತಲ್ಲ! ಚಿಟಿಕಿ ಬಾಲ ಎಳೆದುಕೊಂಡು ಓಡಿದಳು. ಓಡುತ್ತಲೇ, "ಪೆದ್ದು ತಮ್ಮಾ, ಬಾಯಿ ಬಿಟ್ಟರೆ ಬಾಲ ಬಿಟ್ಟ ಹಾಗೆ! ಅಷ್ಟೂ ತಿಳಿಯದೇ?" ಎಂದು ಅಣಕಿಸಿದಳು. ಮಂಜಿನಲ್ಲಿ ತಡಕಾಡಿ ಅಕ್ಕನ ಬಾಲವನ್ನು ಮತ್ತೆ ಕಚ್ಚಿಕೊಂಡಳು.

ಸಾಲು ಸದ್ದಿಲ್ಲದೆ ಸಾಗಿತು. ಹೊಸ ಬಿಲ ಇನ್ನೇನು ಬಂತು ಎನ್ನುವಾಗ ಅದೇ ತಣ್ಣನೆಯ ಬಾಯಿ ಮತ್ತೆ ಬಾಲ ಹಿಡಿಯಿತು. ಚಿಟಿಕಿಗೆ ನಗು ಬಂತು. ಅಕ್ಕನ ಬಾಲ ಬಿಟ್ಟು ಕೇಳಿದಳು: "ಯಾರು, ತಮ್ಮನೇ?"

ಮುಂದೆ ಅಕ್ಕನ ಬಾಲ ಮಂಜಿನೊಳಗೆ ಮರೆಯಾಯಿತು. ತಮ್ಮ ಈ ಸಲ ಬಾಯಿ ಬಿಡಲಿಲ್ಲ.