ಕಾರಿನಡಿಗೆ ಜರಿಪಂಚೆ

ನಿವೃತ್ತ ಹೆಡ್‌ಮಾಸ್ಟರ್ ಪುಟ್ಟಬಸವಯ್ಯನವರು ಸೆಕೆಂಡ್‌ಹ್ಯಾಂಡ್ ಕಾರು ತಂದ ವಾರದಲ್ಲೇ ಅಂಗಳದಲ್ಲಿ ಎಣ್ಣೆ ಕಲೆ ಕಾಣಿಸಿತು. ಕಾರೆಂದರೆ ಅವರಿಗೆ ಮೊಮ್ಮಗಳಷ್ಟೇ ಮುದ್ದು. ಬೈಗುಳವೆಲ್ಲ ಮನೆಗೆಲಸದ ಹೆಂಗಸಿಗೆ.

“ತುಳಸಿಕಟ್ಟೆಯ ದೀಪದೆಣ್ಣೆ ಚೆಲ್ಲಿದವಳು ನೀನೇ! ನನ್ನ ಕಾರು ಒಂದು ತೊಟ್ಟೂ ಸೋರಲ್ಲ. ನಾಳೆಯಿಂದ ಕೆಲಸಕ್ಕೆ ಬರಬೇಡ.”

“ಆಗಲಿ ಮೇಷ್ಟ್ರೇ. ಹೋಗೋ ಮುಂಚೆ ಕಾರಿನಡಿ ಒಂದು ಬಟ್ಟೆ ಹಾಸಿ ನೋಡೋಣ,” ಎಂದವಳೇ ತಂತಿಯ ಮೇಲಿದ್ದ ಅವರ ಜರಿಯಂಚಿನ ಬಿಳಿ ಪಂಚೆ ತಂದು ಇಂಜಿನ್ನಿನ ಕೆಳಗೆ ಹರಡಲು ಬಗ್ಗಿದಳು.

ಮೇಷ್ಟ್ರು ಓಡಿಬಂದು ಪಂಚೆ ಕಸಿದುಕೊಂಡರು. “ಅಯ್ಯೋ, ಹಾಳಾಗುತ್ತಲ್ಲೇ!”

“ಸೋರದ ಕಾರಿನಡಿ ಹೆಂಗೆ ಹಾಳಾಗುತ್ತೆ?”

ಬಾಗಿಲಲ್ಲಿದ್ದ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಮೇಷ್ಟ್ರು ಪಂಚೆಯನ್ನು ಎದೆಗವಚಿಕೊಂಡು ಕಾರಿನಡಿ ಬಗ್ಗಿ ನೋಡಿದರು.

“ನಾಳೆ ಬೇಗ ಬಾರಮ್ಮ,” ಎಂದರು ಮೆಲ್ಲಗೆ. “ಮೆಕ್ಯಾನಿಕ್ ಹತ್ತಿರ ನೀನೇ ಮಾತಾಡು. ನನಗೆ ನಾಚಿಕೆಯಾಗುತ್ತೆ.”