ನೇಕಾರ ಒಗೆಸಿಟ್ಟ ಶಲ್ಯ

“ಬುದ್ಧಿ, ಕಾರು ತಾಗಿ ಪೆಟ್ಟಾದ ಕೇಸುಗಳೆಲ್ಲ ಕೊನೆಗೆ ಕೋರ್ಟಿಗೇ ಹೋಗುತ್ತವೆಯೆ?”

ಕೇಳಿದವನು ಶಿವನಂಜಪ್ಪ, ಮಠದ ಹಳೆಯ ಶಿಷ್ಯ. ಪ್ರಸಾದ ಮುಗಿದು ಎಲ್ಲರೂ ಕೈ ತೊಳೆಯಲು ಎದ್ದಿದ್ದರು. ಅವನೊಬ್ಬ ಮಾತ್ರ ಎಲೆಯ ಮುಂದೆ ಹಾಗೆಯೇ ಕೂತಿದ್ದ. ಅನ್ನ ತಣ್ಣಗಾಗಿತ್ತು.

“ಯಾರಿಗೆ ತಾಗಿತು?” ಎಂದು ಗುರುಗಳು ಕೇಳಿದರು.

“ನನ್ನದೇ ಕಾರು ಬುದ್ಧಿ. ಎಂಟು ದಿನವಾಯಿತು. ಯಾರೋ ಒಬ್ಬ ಸೈಕಲ್ಲಿನವನು. ಕಾಲಿಗೆ ಪೆಟ್ಟಾಗಿದೆಯಂತೆ. ಅಂದಿನಿಂದ ನನಗೆ ತುತ್ತು ಇಳಿಯುತ್ತಿಲ್ಲ. ಕೋರ್ಟು ಕಚೇರಿ ಅಂತ ಅಲೆಯುವ ಶಕ್ತಿ ನನಗಿಲ್ಲ.”

ಗುರುಗಳು ಕಂಬಕ್ಕೆ ಒರಗಿದರು. ಇಂಥ ಪ್ರಶ್ನೆಗಳನ್ನು ಕೇಳಿ ಕೇಳಿ ಅವರಿಗೂ ದಣಿವಾಗಿತ್ತು. “ಕೆಲವು ಹೋಗುತ್ತವಪ್ಪ, ಕೆಲವು ಹೋಗುವುದಿಲ್ಲ. ಹೋದ ಒಂದರ ಕತೆ ಹೇಳುತ್ತೇನೆ, ಕೇಳು,” ಎಂದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗ ತುಳಿಯುವವನು. ಶಿವನ ಹೆಸರು ಹೇಳದೆ ಲಾಳಿ ಮುಟ್ಟುತ್ತಿರಲಿಲ್ಲ. ಒಂದು ಬೆಳಿಗ್ಗೆ ನೂಲು ತರಲೆಂದು ಸೈಕಲ್ಲಿನಲ್ಲಿ ಹೊರಟಿದ್ದಾಗ ಒಬ್ಬ ವ್ಯಾಪಾರಿಯ ಕಾರು ಹಿಂದಿನಿಂದ ಬಂದು ತಾಗಿತು. ಬಲಮೊಣಕಾಲು ಮುರಿದು ರಕ್ತ ಸುರಿಯತೊಡಗಿತು.

ವ್ಯಾಪಾರಿ ಕೆಟ್ಟವನಲ್ಲ. ಕಾರು ನಿಲ್ಲಿಸಿ ಓಡಿಬಂದ. ಹೆಗಲ ಮೇಲಿನ ಶಲ್ಯ ತೆಗೆದು ಆ ಕಾಲಿಗೆ ಬಿಗಿಯಾಗಿ ಕಟ್ಟಿದ. “ತಡಕೋ ಅಣ್ಣ, ನಾನಿದ್ದೀನಿ,” ಅಂದ. ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ, ಸಂಜೆ ಬರುತ್ತೇನೆಂದು ಹೇಳಿ ಹೋದ.

ಸಂಜೆ ಬರಲಿಲ್ಲ. ಹಣ್ಣು ಕಟ್ಟಿಸಿಕೊಂಡು ಹೊರಟವನನ್ನು ಅವನ ವಕೀಲ ತಡೆದಿದ್ದ. ನೋಡಲು ಹೋದರೆ ತಪ್ಪು ಒಪ್ಪಿಕೊಂಡ ಹಾಗೆ, ಕಾರು ತಾಗಲೇ ಇಲ್ಲ ಅಂದುಬಿಡು ಎಂದಿದ್ದ. ಹಣ್ಣನ್ನು ಮನೆಯವರೇ ತಿಂದರು.

ನೇಕಾರನಿಗೆ ಇದೇನೂ ತಿಳಿಯದು. ಮನೆಗೆ ಬಂದವನೇ ಆ ಶಲ್ಯವನ್ನು ಹೆಂಡತಿಯ ಕೈಯಲ್ಲಿ ಮೂರು ಸಲ ಒಗೆಸಿದ. ರಕ್ತದ ಕಲೆ ಹೋಯಿತು. ಬಿಡಿಸಿ ನೋಡಿದರೆ ಒಂದು ಅಂಚು ಹರಿದಿತ್ತು, ಹಳೆಯ ಹರಕು. ನೇಕಾರನ ಕಣ್ಣಿಗೆ ಬಿದ್ದಮೇಲೆ ಬಿಡುವುದು ಹೇಗೆ? ಮಂಚದ ಮೇಲೆ ಕಾಲು ಚಾಚಿಕೊಂಡೇ ಎಳೆಗೆ ಎಳೆ ಸೇರಿಸಿ ರಫೂ ಮಾಡಿದ. ಎಲ್ಲಿ ಹರಿದಿತ್ತೆಂದು ಇನ್ನೊಬ್ಬ ನೇಕಾರನಿಗೂ ಸಿಗಬಾರದು, ಹಾಗೆ. ಬಂದಾಗ ಕೊಡೋಣವೆಂದು ಮಡಿಸಿಟ್ಟ.

ಬೀದಿಯಲ್ಲಿ ಕಾರಿನ ಸದ್ದಾದರೆ ಬಾಗಿಲ ಕಡೆ ತಿರುಗುತ್ತಿದ್ದ. ಹೀಗೆ ಮೂರು ತಿಂಗಳು. ಕೋರ್ಟಿನ ಯೋಚನೆ ಅವನಿಗೆ ಬಂದೇ ಇರಲಿಲ್ಲ. “ಅವರು ಉಂಡು ಮಲಗಿ ಮರೆತಾಯಿತು. ನೀವಿನ್ನೂ ಬಾಗಿಲು ಕಾಯ್ತಾ ಇದ್ದೀರಿ,” ಎಂದಳು ಹೆಂಡತಿ. ನಾಲ್ಕನೆಯ ತಿಂಗಳು ಮಗ್ಗಕ್ಕೆ ಇಳಿಯಲು ನೋಡಿದ. ಕಾಲು ಮಡಚಲಿಲ್ಲ. ಅಂದು ಎದ್ದು ತನ್ನೂರಿನ ವಕೀಲರೊಬ್ಬರ ಮನೆಗೆ ಹೋದ.

ಆ ವಕೀಲರು ಶಲ್ಯ ನೋಡಿ ಹಣೆ ಚಚ್ಚಿಕೊಂಡರು. “ರಕ್ತ ತೊಳೆದುಬಿಟ್ಟೆಯಲ್ಲ ಮಾರಾಯ! ಅದು ಸಾಕ್ಷಿ ಕಣಯ್ಯ! ಸಾಲದು ಅಂತ ರಫೂ ಬೇರೆ!”

“ಇನ್ನೊಬ್ಬರ ಬಟ್ಟೆ ಸ್ವಾಮಿ. ಕೊಳೆಯಲ್ಲೇ ಹಿಂದಕ್ಕೆ ಕೊಡೋಕಾಗುತ್ತಾ?” ಎಂದ ನೇಕಾರ.

ವಕೀಲರು ಕಾರಿನ ನಂಬರು ಪತ್ತೆ ಮಾಡಿ ಕೇಸು ಹಾಕಿದರು. ವಾಯಿದೆಯ ಮೇಲೆ ವಾಯಿದೆ ಬಿತ್ತು. ಕೋರ್ಟಿನ ಜಗುಲಿಯಲ್ಲಿ ಒಂದೇ ಬೆಂಚಿನ ಈ ತುದಿಗೆ ನೇಕಾರ, ಆ ತುದಿಗೆ ವ್ಯಾಪಾರಿ. ಮಾತಾಡಕೂಡದೆಂದು ಇಬ್ಬರಿಗೂ ಅವರವರ ವಕೀಲರ ಕಟ್ಟಪ್ಪಣೆ. ನೇಕಾರನ ಹೆಸರು ವ್ಯಾಪಾರಿಯ ಕಿವಿಗೆ ಮೊದಲ ಸಲ ಬಿದ್ದದ್ದು ಕೋರ್ಟಿನ ಜವಾನ ಅದನ್ನು ಕೂಗಿದಾಗ. ಇಬ್ಬರ ತಲೆಯೂ ನರೆಯುತ್ತ ಬಂತು. ನೇಕಾರ ಕೋಲೂರಿಕೊಂಡು ಬರುತ್ತಿದ್ದ, ಕೂರುತ್ತಿದ್ದ, ಹೋಗುತ್ತಿದ್ದ. ಶಲ್ಯ ಚೀಲದಲ್ಲೇ ಇರುತ್ತಿತ್ತು.

ಮೂರನೆಯ ವರ್ಷ ವ್ಯಾಪಾರಿ ಸಾಕ್ಷಿಕಟ್ಟೆ ಹತ್ತಿ ದೇವರ ಮೇಲೆ ಪ್ರಮಾಣ ಮಾಡಿದ. ನೇಕಾರನ ವಕೀಲರು ಶಲ್ಯವನ್ನು ಅವನ ಕೈಗೆ ಕೊಟ್ಟು, ಇದು ನಿಮ್ಮದೇನು ಎಂದು ಕೇಳಿದರು. ಅವನ ಬೆರಳು ತಾನಾಗಿ ಅಂಚಿನ ಮೇಲೆ ಹರಿಯಿತು. ಹರಕು ಸಿಗಲಿಲ್ಲ. ಮತ್ತೊಮ್ಮೆ ಹುಡುಕಿದ, ಆಗಲೂ ಸಿಗಲಿಲ್ಲ. ಸರಿ ಮಾಡಿದವರು ಯಾರೆಂದು ಅವನಿಗೆ ಅರ್ಥವಾಯಿತು. ನೇಕಾರ ಕೆಳಗೆ ಕೂತು ಅವನ ಮುಖವನ್ನೇ ನೋಡುತ್ತಿದ್ದ.

ವ್ಯಾಪಾರಿ ತನ್ನ ವಕೀಲನ ಕಡೆ ನೋಡಿದ. “ನನ್ನ ಶಲ್ಯದ ಅಂಚು ಹರಿದಿತ್ತು ಸ್ವಾಮಿ. ಇದು ನೆಟ್ಟಗಿದೆ. ಇದು ನನ್ನದಲ್ಲ,” ಎಂದ.

ನೇಕಾರನಿಗೆ ಕೋಪ ಬರಲಿಲ್ಲ. ಮೂರು ವರ್ಷದ ದಣಿವು ಅಷ್ಟೂ ಒಮ್ಮೆಗೇ ಮೈಮೇಲೆ ಬಂದು ಕೂತಿತು.

ಆ ದಿನ ಕಾರನ್ನು ಕಂಡಿದ್ದ ಟೀ ಅಂಗಡಿಯವನೊಬ್ಬ ಬಂದು ಕಂಡದ್ದನ್ನು ಹೇಳಿದ. ತೀರ್ಪು ನೇಕಾರನ ಕಡೆಗಾಯಿತು. ಪರಿಹಾರವನ್ನು ವಿಮೆಯವರು ಕಟ್ಟಿದರು. ವ್ಯಾಪಾರಿಯ ಗಂಟು ಒಂದಿಷ್ಟೂ ಕರಗಲಿಲ್ಲ. ಅಷ್ಟು ವರ್ಷ ಅವನು ಹೆದರಿದ್ದು ಯಾತಕ್ಕೆಂದು ಅವನಿಗೇ ತಿಳಿಯಲಿಲ್ಲ.

ಮೆಟ್ಟಿಲಿಳಿಯುವಾಗ ನೇಕಾರ ಚೀಲದಿಂದ ಶಲ್ಯ ತೆಗೆದು ಮುಂದೆ ಹಿಡಿದ. “ತಗೊಳ್ಳಿ ಯಜಮಾನ್ರೆ. ಕೇಸು ಮುಗೀತಲ್ಲ. ಅವತ್ತು ನೀವು ಕಟ್ಟದೆ ಇದ್ದಿದ್ದರೆ ನಾನು ಉಳೀತಿರಲಿಲ್ಲ.”

ವ್ಯಾಪಾರಿ ಕೈ ಚಾಚಿದ. ಚಾಚಿದ ಕೈ ಅರ್ಧಕ್ಕೇ ನಿಂತಿತು. “ಹೇಗೆ ತಗೊಳ್ಳಲಣ್ಣ? ನನ್ನದಲ್ಲ ಅಂತ ದೇವರ ಮೇಲೆ ಪ್ರಮಾಣ ಮಾಡಿ ಹೇಳಿಬಿಟ್ಟೆನಲ್ಲ,” ಎಂದು ಕೈ ಹಿಂತೆಗೆದುಕೊಂಡ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

“ಆ ಶಲ್ಯ ಏನಾಯಿತು ಬುದ್ಧಿ?” ಎಂದು ಶಿವನಂಜಪ್ಪ ಮೆಲ್ಲಗೆ ಕೇಳಿದ.

ಗುರುಗಳು ಅವನ ತಣ್ಣಗಾದ ಎಲೆಯನ್ನು ನೋಡಿದರು. ಅವನನ್ನು ನೋಡಿದರು.

“ನಿನ್ನ ಕಾರು ತಾಗಿದವನ ಹೆಸರೇನಪ್ಪ?”